ಮೆರವಣಿಗೆ ತಪ್ಪಿಸಿದ ಪಿಟೀಲು

ಇಲೇರ್ ದ್ಯುಬೊಕ್ ಬರೆದ ಹಸುಗಳು ನೀಲಿಯಾಗಿರುತ್ತಿದ್ದವು. ಅವನ ಚಿತ್ರಕಲೆಯ ಬಗ್ಗೆ ಬ್ರೆಕ್‌ಮಾರ್ ಊರಿನವರಿಗೆ ಗೊತ್ತಿದ್ದದ್ದು ಅಷ್ಟೇ, ಅಷ್ಟನ್ನೇ ಹಿಡಿದುಕೊಂಡು ಅವರು ವರ್ಷಾನುಗಟ್ಟಲೆ ನಕ್ಕರು. ಹೆಂಡತಿ ಜೆಲಿಗೆ ಇನ್ನೂ ಒಂದು ಸಂಗತಿ ಗೊತ್ತಿತ್ತು: ಆ ನೀಲಿ ಬಟ್ಟೆಗೆ ಹತ್ತಿದರೆ ಬೂದಿನೀರಿನಲ್ಲಿ ಕುದಿಸಿದರೂ ಬಿಡುವುದಿಲ್ಲ. ಜೆಲಿ ಊರಿನ ಬಟ್ಟೆ ಒಗೆಯುವವಳು. ಸೇನ್ ನದಿಗೆ ಇಳಿಯುವ ಹಳ್ಳದ ಪಕ್ಕ, ಹೆಂಚಿನ ಸೂರಿನ ಕೆಳಗಿನ ಒಗೆಯುವ ಕಟ್ಟೆಯಲ್ಲಿ ಮೊಣಕಾಲೂರಿ, ದೊಡ್ಡಮನೆಗಳ ಒಳಬಟ್ಟೆಯನ್ನೆಲ್ಲ ಬಡಿದು ಬಡಿದು, ಯಾರ ಮರ್ಯಾದೆ ಎಷ್ಟು ಕೊಳಕು ಎಂಬುದನ್ನು ಕೈಯಾರೆ ತಿಳಿದವಳು. ಕಟ್ಟೆಯಲ್ಲಿ ಯಾರಾದರೂ ಗಂಡನ ಬಗ್ಗೆ ಕೊಂಕು ತೆಗೆದರೆ ಅವಳು ತಲೆಯೆತ್ತದೆ ಅವರ ಮನೆಯ ಹಾಸಿಗೆ ಬಟ್ಟೆಯ ಸುದ್ದಿ ಎತ್ತುತ್ತಿದ್ದಳು. ಕೊಂಕು ತೆಗೆದವರು ತಮ್ಮ ಬಟ್ಟೆ ಎಳೆದುಕೊಂಡು ಕಟ್ಟೆಯ ಆ ತುದಿಗೆ ಸರಿಯುತ್ತಿದ್ದರು.

ಇಲೇರ್ ಹುಟ್ಟಿದ್ದು ದೋಣಿಯವರ ಮನೆಯಲ್ಲಿ. ಈ ದಡದಿಂದ ಆ ದಡಕ್ಕೆ ಜನ, ಕರು, ಸೇಬಿನ ಮೂಟೆ ದಾಟಿಸುವುದು ಅವರ ಕಸುಬು. ಪಿಟೀಲನ್ನು ಅವನು ಸೋದರಮಾವನಿಂದ ಕಲಿತ. ಆ ಮಾವ ಒಂದು ತಂತಿ ಕಿತ್ತುಹೋದ ಪಿಟೀಲಿನಲ್ಲೇ ಬಾಳು ಕಳೆದವನು. ತಂತಿಗೆ ಕೊಡುವ ಕಾಸನ್ನು ಸೇಬಿನ ಸಾರಾಯಿಗೆ ಕೊಟ್ಟರೆ ಸಂಗೀತ ಇನ್ನೂ ಚೆನ್ನಾಗಿ ಕೇಳುತ್ತದೆ ಎಂದು ನಂಬಿದವನು. ಮಾವ ಸತ್ತ ಮೇಲೆ ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಇಲೇರನೇ ಪಿಟೀಲಿನವನಾದ.

ಚಿತ್ರ ಕಲಿತದ್ದು ದೋಣಿಯಲ್ಲಿ. ಬೇಸಿಗೆ ಬಂತೆಂದರೆ ಪ್ಯಾರಿಸ್ಸಿನ ಗಡ್ಡದವರು ಬಿಳಿ ಕೊಡೆ, ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಬರುತ್ತಿದ್ದರು. ನಡುನೀರಿನಲ್ಲಿ ದೋಣಿ ಅಲ್ಲಾಡದ ಹಾಗೆ ಹಿಡಿ ಎನ್ನುತ್ತಿದ್ದರು. ನದಿ ಇವರ ಅಪ್ಪನ ಮನೆಯ ಬಾನಿ ಅಂದುಕೊಂಡಿದ್ದಾರೆ ಎಂದು ಇಲೇರನ ಅಪ್ಪ ಬೈಯುತ್ತಿದ್ದ. ಇಲೇರ್ ಮಾತ್ರ ಹುಟ್ಟು ಹಿಡಿದು ಕೂತು ಅವರ ಕೈಯನ್ನೇ ನೋಡುತ್ತಿದ್ದ. ಅವರಲ್ಲಿ ಕೆಮ್ಮುತ್ತಿದ್ದ ಒಬ್ಬನಿದ್ದ. ಹಸುವನ್ನು ಬರೆಯಬೇಡ, ಹಸುವಿನ ಮೇಲೆ ಬಿದ್ದ ಬೆಳಕನ್ನು ಬರೆ ಎಂದು ಅವನು ಹೇಳಿಕೊಟ್ಟ. ಒಂದು ಶರತ್ಕಾಲದಲ್ಲಿ ಪೆಟ್ಟಿಗೆಯನ್ನು ದೋಣಿಯಲ್ಲೇ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಆ ಬಣ್ಣದಲ್ಲಿ ಇಲೇರ್ ಮೊದಲು ದೋಣಿಯ ಬಿರುಕು ಮುಚ್ಚಿದ. ಮಿಕ್ಕದ್ದರಲ್ಲಿ ನದಿ ಬರೆದ. ಅಲ್ಲಿಂದ ಅವನು ಕೆಟ್ಟ ಎಂದು ಊರು, ಅಲ್ಲಿಂದ ಅವನು ಮನೆಯಲ್ಲಿ ಸುಮ್ಮನೆ ಕೂರುವುದನ್ನು ಕಲಿತ ಎಂದು ಜೆಲಿ.

ದನದ ವ್ಯಾಪಾರಿ ಆಂಕ್ತಿಲ್ ಅವನಿಗೆ ಒಮ್ಮೆ ಕೆಲಸ ಕೊಟ್ಟಿದ್ದ. ಆಂಕ್ತಿಲನ ಹೋರಿಗೆ ಜಾತ್ರೆಯಲ್ಲಿ ಬಹುಮಾನ ಬಂದಿತ್ತು, ಅದರ ಚಿತ್ರವನ್ನು ಊಟದ ಮನೆಯಲ್ಲಿ ತೂಗುಹಾಕುವ ಆಸೆ. ಇಲೇರ್ ಬೆಳಗಿನ ಜಾವ ಹೊಲಕ್ಕೆ ಹೋದ. ಮಂಜು ಕವಿದಿತ್ತು. ಹೋರಿ ಉಸಿರು ಬಿಟ್ಟಾಗ ಆ ಮಂಜಿನೊಳಗೆ ಇನ್ನೊಂದು ಮಂಜು ಹೊಮ್ಮುವುದನ್ನು ಕಂಡು ಅವನಿಗೆ ಹುಚ್ಚು ಹಿಡಿದ ಹಾಗಾಯಿತು, ಅದನ್ನೇ ಬರೆದ. ಆಂಕ್ತಿಲ್ ಚಿತ್ರವನ್ನು ಹತ್ತಿರದಿಂದ ನೋಡಿದ, ದೂರದಿಂದ ನೋಡಿದ, ತಲೆಕೆಳಗು ಮಾಡಿ ನೋಡಿದ. ಕೊಂಬೆಲ್ಲಿ ಎಂದು ಕೇಳಿದ. ಇನ್ನೊಂದು ಗಳಿಗೆಗೆ ಬಿಸಿಲು ಏರಿದರೆ ಕಾಣುತ್ತದೆ ಎಂದ ಇಲೇರ್. ಹಾಗಾದರೆ ಬಿಸಿಲು ಏರಿದ ಮೇಲೆ ತೆಗೆದುಕೊಂಡು ಬಾ ಎಂದು ಆಂಕ್ತಿಲ್ ಬಾಗಿಲು ಹಾಕಿಕೊಂಡ. ಊರಿನ ದೊಡ್ಡವರ ಲೆಕ್ಕವೇ ಹಾಗೆ. ಅವರ ದನ ದನದ ಹಾಗೇ ಕಾಣಬೇಕು, ಅದನ್ನು ಮೇಯಿಸುವವನು ಮಾತ್ರ ಕಣ್ಣಿಗೆ ಬೀಳಬಾರದು.

ಪಿಟೀಲಿನಲ್ಲೂ ಅವನದು ಇದೇ ಚಾಳಿ. ಮದುವೆಯ ಕುಣಿತ ಜೋರಾಗಿ ಸಾಗಿರುವಾಗ ಮೋಡ ಸೂರ್ಯನಿಗೆ ಅಡ್ಡ ಬಂದರೆ ಸಾಕು, ಇಲೇರನ ಕಮಾನು ನಿಧಾನವಾಗುತ್ತಿತ್ತು. ಗಂಡಸರು ಎತ್ತಿದ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ಕೊಕ್ಕರೆಗಳ ಹಾಗೆ ನಿಲ್ಲುತ್ತಿದ್ದರು. ಮೋಡ ಸರಿದ ಮೇಲೆ ಕುಣಿತ. ಆದರೂ ಅವನನ್ನೇ ಕರೆಯುತ್ತಿದ್ದರು, ಯಾಕೆಂದರೆ ಸುತ್ತಮುತ್ತ ಬೇರೆ ಪಿಟೀಲಿರಲಿಲ್ಲ, ಪಿಟೀಲಿಲ್ಲದೆ ಮದುವೆಯಿರಲಿಲ್ಲ.

ಆ ಕಡೆಯ ರಿವಾಜು ಹೀಗಿತ್ತು. ಹೆಣ್ಣಿನ ಮನೆಯಿಂದ ಚರ್ಚಿನವರೆಗೆ ಮೆರವಣಿಗೆ. ಎಲ್ಲರಿಗಿಂತ ಮುಂದೆ ಪಿಟೀಲಿನವನು, ಅವನ ಹಿಂದೆ ಮದುಮಗಳು, ಅವಳ ಹಿಂದೆ ಊರು, ಕಟ್ಟಕಡೆಗೆ ಮದುಮಗ. ಪಿಟೀಲಿನವನನ್ನು ಯಾರೂ ದಾಟಬಾರದು. ನೆಂಟರು ದಾಟಿದರೆ ಆ ಮದುವೆ ಮುರಿಯುತ್ತದೆ. ಮದುಮಕ್ಕಳಲ್ಲೇ ಒಬ್ಬರು ದಾಟಿ ಮೊದಲು ಚರ್ಚಿನ ಬಾಗಿಲು ಮುಟ್ಟಿದರೆ, ಮನೆಯ ಯಜಮಾನಿಕೆ ಸಾಯುವ ತನಕ ಅವರದು. ಪಾದ್ರಿಗಳು ಇದನ್ನು ಮೂಢನಂಬಿಕೆ ಎಂದು ಬೈಯುತ್ತಿದ್ದರು. ಹಾಗೆ ಬೈಯುವ ಪಾದ್ರಿಗಳೂ ಪಿಟೀಲಿನವನ ಮುಂದೆ ಒಂದು ಹೆಜ್ಜೆ ಇಟ್ಟವರಲ್ಲ.

ಮೇಯರನ ಮಗಳ ಮದುವೆಯಲ್ಲಿ ಇಲೇರನ ಹೆಸರು ಹಾಳಾಯಿತು. ಏಪ್ರಿಲ್ ತಿಂಗಳು, ಸೇಬಿನ ಮರಗಳೆಲ್ಲ ಹೂಬಿಟ್ಟಿದ್ದವು. ಮಳೆ ನಿಂತು ಆಗತಾನೆ ಬಿಸಿಲು ಬಂದಿತ್ತು. ಇಲೇರ್ ಪಿಟೀಲು ಬಾರಿಸುತ್ತ ಹೋಗುತ್ತಿದ್ದವನು ಬಲಗಡೆ ನೋಡಿದ. ತೋಟದ ಕೊನೆಯಲ್ಲಿ ನದಿ ಬೆಳ್ಳಿಯ ತಟ್ಟೆಯ ಹಾಗೆ ಮಿನುಗಿತು. ಅವನ ಕಾಲು ಅತ್ತ ತಿರುಗಿತು. ಮೆರವಣಿಗೆಯೂ ತಿರುಗಿತು. ಇದು ಚರ್ಚಿನ ದಾರಿಯಲ್ಲ ಎಂದು ಎಲ್ಲರಿಗೂ ಗೊತ್ತು, ದಾಟಿ ನಿಲ್ಲಿಸಲು ಒಬ್ಬನಿಗೂ ಎದೆಯಿಲ್ಲ. ರೇಷ್ಮೆ ಬೂಟು, ಕಸೂತಿ ಟೋಪಿ, ಊರಿಗೆ ಊರೇ ಹೋಗಿ ನದಿಯ ಕೆಸರಿನಲ್ಲಿ ಸಾಲಾಗಿ ನಿಂತಿತು. ಅಂದು ದೊಡ್ಡ ಉಬ್ಬರದ ದಿನ. ಸಮುದ್ರದ ನೀರು ನದಿಯ ಹರಿವಿಗೆ ಎದುರಾಗಿ ಗೋಡೆಯ ಹಾಗೆ ಏರಿಬರುವ ಅಲೆ, ವರ್ಷದಲ್ಲಿ ಕೆಲವೇ ದಿನ ಬರುವಂಥದ್ದು, ಸರಿಯಾಗಿ ಆ ಹೊತ್ತಿಗೇ ಬಂತು. ಯಾರೂ ಸಾಯಲಿಲ್ಲ. ಮದುಮಗಳನ್ನು ಸೊಂಟದವರೆಗೆ ಹೂತ ಕೆಸರಿನಿಂದ ಎಳೆದು ತೆಗೆದರು. ಮೇಯರನ ಎತ್ತರದ ಟೋಪಿ ಮಾತ್ರ ಹರಿವಿಗೆ ಎದುರಾಗಿ ರುವಾನ್ ಪಟ್ಟಣದ ಕಡೆ ಪ್ರಯಾಣ ಬೆಳೆಸಿತು. ಇಲೇರ್ ಒದ್ದೆ ಪಿಟೀಲನ್ನು ತಲೆಯ ಮೇಲೆ ಹಿಡಿದು, ಅಲೆಯ ನೆತ್ತಿ ಹಸಿರು, ಬುಡ ನೇರಳೆ ಎಂದು ಪಕ್ಕದಲ್ಲಿದ್ದವರಿಗೆ ತೋರಿಸುತ್ತಿದ್ದ.

ಆ ಕೆಸರನ್ನೆಲ್ಲ ಬೇಸಿಗೆ ಮುಗಿಯುವ ತನಕ ಜೆಲಿ ಬಿಟ್ಟಿ ಒಗೆದಳು.

ಮುಂದಿನ ಮದುವೆಗೆ ಪಟ್ಟಣದಿಂದ ಒಬ್ಬ ಬಂದ, ಎದೆಗೆ ಗಾಳಿಪೆಟ್ಟಿಗೆ ನೇತುಹಾಕಿಕೊಂಡು. ಅವನ ವಾದ್ಯಕ್ಕೆ ಮೋಡವೂ ಒಂದೇ, ಬಿಸಿಲೂ ಒಂದೇ. ಊರು ನೆಮ್ಮದಿಯಿಂದ ಕುಣಿಯಿತು. ಇಲೇರನ ಪಿಟೀಲು ಗೋಡೆ ಸೇರಿತು. ಅವನು ಯಾರನ್ನೂ ಬೈಯಲಿಲ್ಲ, ದೋಣಿ ನಡೆಸಿದ, ನೀಲಿ ಹಸು ಬರೆದ. ಆದರೆ ಯಾರದೋ ಮದುವೆಯ ದಿನ ಗಾಳಿಪೆಟ್ಟಿಗೆಯ ಸದ್ದು ದೂರದಿಂದ ಬಂದರೆ ದೋಣಿಯನ್ನು ನಡುನೀರಿಗೆ ಒಯ್ದು ಸುಮ್ಮನೆ ಕೂತುಬಿಡುತ್ತಿದ್ದ. ಆ ದಡದಲ್ಲಿ ಜನ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಮಗಳು ನೊಯೆಮಿ ಇದನ್ನು ದಡದಲ್ಲಿ ನಿಂತು ನೋಡುತ್ತ ಬೆಳೆದಳು.

ಈ ನೊಯೆಮಿಯೇ ಆಂಕ್ತಿಲನ ಮಗ ಪ್ರೊಸ್ಪೆರನನ್ನು ಇಷ್ಟಪಟ್ಟಳು. ಪ್ರೊಸ್ಪೆರ್ ಕಂಬದಂಥ ಹುಡುಗ, ಹಸುಗಳ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಆಡಿದವನಲ್ಲ. ತಾಯಿಯಿಲ್ಲದ ಮನೆಗೆ ಗಟ್ಟಿ ಹೆಣ್ಣೊಂದು ಬರಲಿ ಎಂದು ಆಂಕ್ತಿಲನೂ ಒಪ್ಪಿದ. ಒಪ್ಪಿ ಒಂದು ಷರತ್ತು ಹಾಕಿದ: ಮೆರವಣಿಗೆಯ ಮುಂದೆ ಗಾಳಿಪೆಟ್ಟಿಗೆ. ನೊಯೆಮಿ ಅದನ್ನು ಕೇಳಿ, ಅಪ್ಪ ಮುಂದೆ ನಡೆಯದಿದ್ದರೆ ತಾನು ಹಿಂದೆ ನಡೆಯುವುದಿಲ್ಲ ಎಂದಳು. ಅತ್ತು ಹೇಳಿದ್ದರೆ ಜೆಲಿ ಸಮಾಧಾನ ಮಾಡುತ್ತಿದ್ದಳು. ಹುಡುಗಿ ಆಲೂಗಡ್ಡೆ ಸುಲಿಯುತ್ತ ಹೇಳಿದಳು. ಅದಕ್ಕೇ ಜೆಲಿಗೆ ಹೆದರಿಕೆಯಾಯಿತು.

ಒಗೆದ ಬಟ್ಟೆಯ ಗಂಟು ಹೊತ್ತು ಜೆಲಿ ಆಂಕ್ತಿಲನ ಮನೆಗೆ ಹೋದಳು. ಅವನು ಕೊಟ್ಟಿಗೆಯ ಬಾಗಿಲಲ್ಲಿ ಗಾಡಿಕುದುರೆಯ ಸಾಮಾನಿಗೆ ಎಣ್ಣೆ ಹಚ್ಚುತ್ತ ಕೂತಿದ್ದ.

"ನೋಡಿ ಜೆಲಿಯಮ್ಮ," ಎಂದ, "ನಿಮ್ಮ ಮಗಳು ಬೇಡ ಅಂತ ನಾನು ಅನ್ನಲ್ಲ. ಕೈಕಾಲು ಗಟ್ಟಿ ಐತೆ. ಬಾಯಿ ಸ್ವಲ್ಪ ಜಾಸ್ತಿ, ಹಾಲು ಕರೆಯೋಕೆ ಅದೇನೂ ಅಡ್ಡಿಯಿಲ್ಲ. ಆದ್ರೆ ನಿಮ್ಮ ಯಜಮಾನ್ರು ಮುಂದೆ ನಡೆದ್ರೆ, ನಾವು ಚರ್ಚಿಗೆ ಹೋಗಿ ಸೇರ್ತೀವೋ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಿ ಸೇರ್ತೀವೋ, ಹೇಳಿ."

ಜೆಲಿ ನಯವಾಗಿ ಮಾತಾಡಬೇಕೆಂದು ಬಂದವಳು. ಮಗಳ ಬಾಯಿಯ ಸುದ್ದಿ ಕೇಳಿ ಅವಳ ಬಾಯಿಯೂ ಬಿಚ್ಚಿತು.

"ಹಂಗಾದ್ರೆ ನಿಮ್ಮ ಕುದುರೆಗೆ ಕಟ್ಟೋದನ್ನ ನನ್ನ ಗಂಡನಿಗೂ ಕಟ್ಟಿಬಿಡಿ ಬೀಗ್ರೆ. ಆಚೆ ಈಚೆ ನೋಡದಂಗೆ ನೆಟ್ಟಗೆ ನಡೀತಾನೆ."

ಆಂಕ್ತಿಲನ ಕೈಯಲ್ಲಿ ಆಗ ಅದೇ ಇತ್ತು: ಕುದುರೆ ಅಕ್ಕಪಕ್ಕ ನೋಡಿ ಬೆದರದ ಹಾಗೆ ಎರಡು ಕಣ್ಣಿನ ಮಗ್ಗುಲಿಗೂ ಕಟ್ಟುವ ತೊಗಲಿನ ಕಣ್ಣುಪಟ್ಟಿ. ಅವನು ಅದನ್ನು ನೋಡಿದ, ಜೆಲಿಯನ್ನು ನೋಡಿದ. ದನದ ವ್ಯಾಪಾರಿಗೆ ಕುಚೋದ್ಯ ಬೇರೆ, ಪ್ರಸ್ತಾಪ ಬೇರೆ ಎಂಬ ಭೇದವಿಲ್ಲ. ಎದ್ದು ಬಂದು, ಜೆಲಿ ಗಂಟು ಇಳಿಸಲು ಚಾಚಿದ್ದ ಅಂಗೈಗೆ ಫಟ್ಟನೆ ತನ್ನ ಅಂಗೈ ತಟ್ಟಿದ. ಆ ಸೀಮೆಯಲ್ಲಿ ಅಂಗೈ ತಟ್ಟಿದರೆ ವ್ಯಾಪಾರ ಮುಗಿಯಿತು. ಕುರುಡು ಹಸು ಕೊಂಡವನೂ ಆಮೇಲೆ ಸೊಲ್ಲೆತ್ತುವ ಹಾಗಿಲ್ಲ.

ಅವನು ಕೊಟ್ಟ ಕಣ್ಣುಪಟ್ಟಿಯನ್ನು ಜೆಲಿ ಶಾಲಿನೊಳಗೆ ಮುಚ್ಚಿಟ್ಟುಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ತನ್ನ ನಾಲಿಗೆಗೆ ತಾನೇ ಶಾಪ ಹಾಕಿದಳು. ಗಂಡ ಬೈದರೆ ಬೈಸಿಕೊಳ್ಳುವುದು, ಅಳುವುದಾದರೆ ಬೆನ್ನು ತಿರುಗಿಸಿ ನಿಲ್ಲುವುದು ಎಂದು ನಿಶ್ಚಯಿಸಿದ್ದಳು. ಇಲೇರ್ ಅದನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದ. ತಲೆಗೆ ಕಟ್ಟಿಕೊಂಡು ಮನೆಯ ತುಂಬ ಓಡಾಡಿದ. ಒಲೆಯ ಮುಂದೆ ನಿಂತ, ಬಾಗಿಲ ಮುಂದೆ ನಿಂತ.

"ಚೌಕಟ್ಟು ಕಣೇ ಇದು," ಎಂದ. "ಬ್ಯಾಡದ್ದೆಲ್ಲ ಆಚೆಗೆ."

"ನಾಚ್ಕೆ ಆಗಲ್ವಾ ನಿಂಗೆ?"

"ಮಗಳ ಮುಂದೆ ನಡೆಯೋಕೆ ಜೀನು ಹಾಕಂಡು ಬಾ ಅಂದ್ರೂ ಬತ್ತೀನಿ," ಎಂದು ಇಲೇರ್ ಗೋಡೆಯ ಪಿಟೀಲು ಇಳಿಸಿ ಧೂಳು ಊದಿದ.

ಮದುವೆಯ ದಿನ ಬಿಸಿಲು ಚೆನ್ನಾಗಿತ್ತು, ಅದೇ ಜೆಲಿಗೆ ಭಯ. ಅಪ್ಪನ ಎರಡು ಕೈಯೂ ಪಿಟೀಲಿಗೆ ಬೇಕಾದ್ದರಿಂದ ನೊಯೆಮಿ ಮಾವನಾಗುವ ಆಂಕ್ತಿಲನ ತೋಳು ಹಿಡಿದಳು. ಮೆರವಣಿಗೆಯ ಬಾಲದಲ್ಲಿ ಪ್ರೊಸ್ಪೆರ್ ಅತ್ತೆ ಜೆಲಿಯ ತೋಳು ಹಿಡಿದ, ಗಾಡಿಯ ನೊಗ ಹಿಡಿದ ಹಾಗೆ. ಇಲೇರ್ ಕಣ್ಣುಪಟ್ಟಿ ಕಟ್ಟಿಕೊಂಡು ಹೊರಬಂದಾಗ ಊರು ನಗಲೆಂದು ಬಾಯಿ ತೆರೆದು ನಿಂತಿತ್ತು. ಹುಡುಗಿ ತಿರುಗಿ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಬಾಯಿಗಳು ಮುಚ್ಚಿಕೊಂಡವು.

ಅವನು ನೆಟ್ಟಗೆ ನಡೆದ. ಪಿಟೀಲೂ ನೆಟ್ಟಗಿತ್ತು, ಗಾಳಿಪೆಟ್ಟಿಗೆಯ ಹಾಗೆ ಒಂದೇ ಅಳತೆ. ಎಡಗಡೆ ಸೇಬಿನ ತೋಟ ಹೋಯಿತು, ಬಲಗಡೆ ನದಿ ಮಿನುಗಿ ಮಿನುಗಿ ಕರೆಯಿತು, ಅವನಿಗೆ ಎರಡೂ ಇಲ್ಲ. ಆಂಕ್ತಿಲ್ ಹಿಂದೆ ತಿರುಗಿ, ನೋಡಿ ಹೇಗಿದೆ ನನ್ನ ಉಪಾಯ ಎನ್ನುವ ಹಾಗೆ ಹುಬ್ಬು ಕುಣಿಸಿದ.

ಊರ ನಡುವೆ ಕಲ್ಲಿನ ಶಿಲುಬೆ ನಿಂತಿರುವಲ್ಲಿ ದಾರಿ ಎಡಕ್ಕೆ ಹೊರಳಿ ಚರ್ಚಿಗೆ ಹೋಗುತ್ತದೆ. ಹೊರಳದೆ ನೆಟ್ಟಗೆ ಹೋದರೆ ಆಂಕ್ತಿಲನ ಹಿತ್ತಲ ಬಾಗಿಲು. ಆ ದಾರಿಯಲ್ಲಿ ಇಲೇರ್ ಹುಟ್ಟಿದಾಗಿನಿಂದ ಓಡಾಡಿದವನು. ಆದರೆ ಅವನು ದಾರಿಯನ್ನು ನೋಡಿದ್ದು ಯಾವಾಗ? ಎಡಗಡೆಯ ಎತ್ತರದ ಮರಗಳ ನೆತ್ತಿಯಲ್ಲಿ ಬೆಳಕು ಹಳದಿಯಾಗಿ ಕುಣಿದರೆ ಅಲ್ಲಿ ತಿರುಗುವುದು, ಅಷ್ಟೇ ಅವನ ಗುರುತು. ಇಂದು ಎಡಗಡೆ ತೊಗಲಿತ್ತು. ಅವನು ತಿರುಗಲಿಲ್ಲ.

ಹಿತ್ತಲ ಬಾಗಿಲು ತೆರೆದಿತ್ತು. ಆಂಕ್ತಿಲ್ ಎಡಕ್ಕೆ, ಎಡಕ್ಕೆ ಎಂದು ಅರಚಿದ. ಕಿವಿಯ ಬುಡದಲ್ಲೇ ಪಿಟೀಲು ಕೂಗುವವನಿಗೆ ಅದೆಲ್ಲಿ ಕೇಳಬೇಕು. ದಾಟಿ ಹಿಡಿಯೋಣವೆಂದರೆ ಮಗನ ಮದುವೆ ಮುರಿಯುತ್ತದೆ. ಹೀಗೆ ಊರಿನ ಮರ್ಯಾದಸ್ಥರೆಲ್ಲ ಹೊಸ ಬಟ್ಟೆಯಲ್ಲಿ ಆಂಕ್ತಿಲನ ಹಿತ್ತಲು ಹೊಕ್ಕರು. ಬಾತುಕೋಳಿಗಳು ಚೆದುರಿದವು. ಕೊಟ್ಟಿಗೆಯ ಗಂಜಲವೆಲ್ಲ ಹರಿದು ಬಂದು ನಿಲ್ಲುವ ತಿಪ್ಪೆಗುಂಡಿಗೆ ಇಲೇರ್ ಒಂದೇ ಅಳತೆಯ ಹೆಜ್ಜೆ ಹಾಕುತ್ತ ಇಳಿದ. ಮೀನಖಂಡದವರೆಗೆ ಇಳಿದರೂ ಕಮಾನು ತಡವರಿಸಲಿಲ್ಲ. ಅಂದು ತಪ್ಪು ಮಾಡಬಾರದೆಂದು ಅವನು ಅಷ್ಟು ಗಟ್ಟಿಯಾಗಿ ನಿಶ್ಚಯಿಸಿದ್ದ.

ನೊಯೆಮಿ ಮಾವನ ತೋಳು ಬಿಟ್ಟಳು. ಲಂಗ ಮೊಣಕಾಲಿಗೆ ಎತ್ತಿಕೊಂಡು, ಗುಂಡಿಯ ಅಂಚಿನಲ್ಲಿ ಸುತ್ತಿ ಹೋಗಿ, ಅಪ್ಪನ ಎದುರಿಗೆ ನಿಂತಳು.

"ಅಪ್ಪಾ, ನಿಲ್ಲು. ಎಡಕ್ಕೆ ತಿರುಗ್ಬೇಕಿತ್ತು."

ಪಿಟೀಲು ನಿಂತಿತು. ಹೆಣ್ಣು ದಾಟಿಬಿಟ್ಟಳು ಎಂದು ಯಾರೋ ಮುದುಕಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಆಂಕ್ತಿಲನ ಮುಖ ಬೀಟ್‌ರೂಟಿನಂತಾಯಿತು. ಸಾಯುವ ತನಕ ಸೊಸೆಯ ಕೈಕೆಳಗೆ ಉಣ್ಣುವ ಚಿತ್ರ ಅವನ ಕಣ್ಣಿಗೆ ಕೊಂಬು ಸಮೇತ ಕಂಡಿರಬೇಕು.

"ಪ್ರೊಸ್ಪೆರ್, ಓಡ್ಲಾ," ಎಂದ. "ಚರ್ಚಿಗೆ ಓಡು. ಬಾಗಿಲು ಮುಟ್ಟು."

ಪ್ರೊಸ್ಪೆರ್ ಹುಟ್ಟಿದಾಗಿನಿಂದ ಅವಸರ ಕಂಡವನಲ್ಲ. ಅಪ್ಪನ ದನಿ ಕೇಳಿ ಜೆಲಿಯ ತೋಳು ಕೊಡವಿ ಓಟ ಕಿತ್ತ. ನೊಯೆಮಿ ಬೂಟು ಕಳಚಿ ಕೈಯಲ್ಲಿ ಹಿಡಿದು ಅವನ ಬೆನ್ನು ಹತ್ತಿದಳು. ಗಂಡಿನ ಕಡೆಯವರು ಗಂಡಿಗೆ, ಹೆಣ್ಣಿನ ಕಡೆಯವರು ಹೆಣ್ಣಿಗೆ ಹುರಿದುಂಬಿಸುತ್ತ ಮೆರವಣಿಗೆಗೆ ಮೆರವಣಿಗೆಯೇ ಹಿತ್ತಲಿನಿಂದ ಹೊರಬಿದ್ದು ದಾರಿಯಲ್ಲಿ ಧೂಳೆಬ್ಬಿಸಿತು. ಟೋಪಿಗಳು ಹಾರಿದವು. ಆಂಕ್ತಿಲ್ ಹೊಟ್ಟೆ ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ ಓಡಿದ.

ಜೆಲಿ ಓಡಲಿಲ್ಲ. ಒಗೆಯುವ ಕಟ್ಟೆ ಅವಳ ಮೊಣಕಾಲುಗಳನ್ನು ಎಂದೋ ತಿಂದುಹಾಕಿತ್ತು. ಅವಳು ತಿಪ್ಪೆಗುಂಡಿಯ ಹತ್ತಿರ ಬಂದಾಗ ಇಲೇರ್ ಇನ್ನೂ ಅದರೊಳಗೇ ನಿಂತಿದ್ದ. ಕಣ್ಣುಪಟ್ಟಿ ಕಿತ್ತೆಸೆದಿದ್ದ. ದಾರಿಯ ತುದಿಯಲ್ಲಿ ಬಿಸಿಲು ಹೊಕ್ಕ ಧೂಳಿನೊಳಗೆ ಬಿಳಿ ಟೋಪಿಗಳು, ಕೆಂಪು ಶಾಲುಗಳು, ಕುಲುಕುವ ಬೆನ್ನುಗಳು ಕರಗುತ್ತ ಹೋಗುವುದನ್ನು ನೋಡುತ್ತಿದ್ದ.

"ಜೆಲಿ, ಇಷ್ಟು ವರ್ಷ ಮೆರವಣಿಗೆ ಮುಂದೇ ನಡೆದ್ನಲ್ಲ ನಾನು," ಎಂದ. "ಮೆರವಣಿಗೆ ಹೆಂಗಿರುತ್ತೆ ಅಂತ ಇವತ್ತು ನೋಡ್ದೆ."

"ನೋಡಿದ್ಯಲ್ಲ. ನಡಿ."

"ಬಣ್ಣದ ಪೆಟ್ಟಿಗೆ ತತ್ತೀನಿ, ಒಂದೇ ಒಂದು ಗಳಿಗೆ. ಧೂಳು ಇಳಿದುಬಿಟ್ರೆ..."

ಜೆಲಿಗೆ ಮಗಳ ಬುದ್ಧಿ ಗೊತ್ತಿತ್ತು. ಅವಳು ಬಾಗಿಲು ಮುಟ್ಟಿದರೂ ಒಳಗೆ ಕಾಲಿಡುವವಳಲ್ಲ. ಅಪ್ಪನ ಪಿಟೀಲು ಬರಲಿ ಎಂದು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಪಾದ್ರಿಗಳಿಗೆ ಊಟದ ಹೊತ್ತಾದರೆ ಬಾಗಿಲು ಹಾಕುತ್ತಾರೆ, ಆಂಕ್ತಿಲನಿಗೆ ಬೇಕಾಗಿರುವುದೂ ಈಗ ಅದೇ. ಈ ಮನುಷ್ಯ ಮನೆಗೆ ಹೋಗಿ ಪೆಟ್ಟಿಗೆ ತೆರೆದರೆ ಮದುವೆಯೂ ಹೋಯಿತು, ಮಗಳ ಬಾಳೂ ಹೋಯಿತು.

"ಅವಳು ಅಲ್ಲಿ ಕೂತು ಕಾಯ್ತಾ ಇದ್ದಾಳೆ," ಎಂದಳು. "ನೀನು ನಡುನೀರಲ್ಲಿ ಹೋಗಿ ಕೂತ್ಕೊಂಡಾಗ್ಲೆಲ್ಲ ದಡದಲ್ಲಿ ನಿಂತು ಕಾಯ್ತಿದ್ಲಲ್ಲ, ಹಂಗೆ."

ಇಲೇರ್ ಧೂಳಿನ ಕಡೆ ಇನ್ನೊಮ್ಮೆ ನೋಡಿದ. ಆಮೇಲೆ ಗುಂಡಿಯಿಂದ ಮೇಲೆ ಬಂದು, ಪಿಟೀಲನ್ನು ಗದ್ದಕ್ಕೆ ಒತ್ತಿ, ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡ.

"ನೀನು ಮುಂದೆ ನಡಿ," ಎಂದ. "ಕಾಲಿನ ಸದ್ದು ಜೋರಾಗಿ ಮಾಡು."

ಹಾಗೆ ಬಂದರು. ಮುಂದೆ ಮರದ ಪಾದರಕ್ಷೆಯನ್ನು ಕಲ್ಲಿಗೆ ಕುಕ್ಕುತ್ತ ಜೆಲಿ, ಹಿಂದೆ ಕಣ್ಣು ಮುಚ್ಚಿ ಬಾರಿಸುತ್ತ, ಮೊಣಕಾಲಿನವರೆಗೆ ಸಗಣಿ ಮೆತ್ತಿಕೊಂಡ ಅವಳ ಗಂಡ. ಪಿಟೀಲಿನವನ ಮುಂದೆ ನಡೆಯುವುದು ಅಪಶಕುನವೆಂದು ಅವಳಿಗೂ ಗೊತ್ತಿತ್ತು. ಇದಕ್ಕಿಂತ ಹೆಚ್ಚು ಕೆಡುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದುಕೊಂಡಳು.

ಚರ್ಚಿನ ಮೆಟ್ಟಿಲ ಮೇಲೆ ನೊಯೆಮಿ ಕೂತಿದ್ದಳು. ಪಕ್ಕದಲ್ಲಿ ಪ್ರೊಸ್ಪೆರ್ ನಾಯಿಯ ಹಾಗೆ ಏದುತ್ತಿದ್ದ. ಬಾಗಿಲು ಮೊದಲು ಮುಟ್ಟಿದ್ದು ಯಾರು ಎಂದು ಎರಡು ಕಡೆಯವರೂ ಕೊರಳಪಟ್ಟಿ ಹಿಡಿಯುವ ಹಂತಕ್ಕೆ ಬಂದಿದ್ದರು. ಪ್ರೊಸ್ಪೆರನನ್ನೇ ಕೇಳಿದರು. ಅಂದು ಅವನು ಬಾಯಿಬಿಟ್ಟು ಆಡಿದ್ದು ಅದೊಂದೇ ಮಾತು.

"ಅವಳೇ ಮುಟ್ಟಿದ್ದು. ಮನೆ ಅವಳೇ ನೋಡ್ಕೊಳ್ಲಿ. ನಂಗೆ ಹಸು ಅವೆ."

ಆಂಕ್ತಿಲ್ ಗೋಡೆಗೆ ಒರಗಿ ಕೂತುಬಿಟ್ಟ. ಪಿಟೀಲು ಬಾಗಿಲವರೆಗೆ ಬಂದು ನಿಂತಿತು. ನೊಯೆಮಿ ಎದ್ದು ಲಂಗ ಕೊಡವಿ, ಬೂಟು ಹಾಕಿಕೊಂಡು, ಅಪ್ಪನ ಸಗಣಿಗೂ ಅಂಜದೆ ಅವನ ಕೆನ್ನೆಗೆ ಮುತ್ತಿಟ್ಟು ಒಳಗೆ ಹೋದಳು. ಇಲೇರ್ ಹಿಂಬಾಲಿಸಿದ. ಪಾದ್ರಿಗಳು ಮೂಗಿಗೆ ಬಟ್ಟೆ ಒತ್ತಿ, ತಂದೆಯಾದವನು ಕೊನೆಯ ಬೆಂಚಿನಲ್ಲಿ ಕೂತರೂ ದೇವರಿಗೆ ಕಾಣುತ್ತದೆ ಎಂದರು.

ಆಮೇಲೆ ಗಾಳಿಪೆಟ್ಟಿಗೆಯವನನ್ನು ಬ್ರೆಕ್‌ಮಾರಿಗೆ ಕರೆಯುವವರಿಲ್ಲವಾದರು. ಊರಿನ ಹುಡುಗಿಯರಿಗೆ ನೊಯೆಮಿಯ ಓಟದ ರುಚಿ ಹತ್ತಿತ್ತು. ಒಬ್ಬೊಬ್ಬಳೂ ತನ್ನ ಮದುವೆಗೆ ಇಲೇರನೇ ಬೇಕೆಂದು, ಶಿಲುಬೆಯ ಹತ್ತಿರ ಅವನು ತಪ್ಪದೆ ದಾರಿ ತಪ್ಪಬೇಕೆಂದು ಮೊದಲೇ ಬಂದು ಹೇಳಿಹೋಗುತ್ತಿದ್ದಳು. ಗಂಡಿನ ಅಪ್ಪಂದಿರು ಪಾದ್ರಿಗಳಿಗೆ ದೂರು ಕೊಟ್ಟರು. ಪಾದ್ರಿಗಳು ಓಟದ ವಿರುದ್ಧ ಉಪದೇಶ ಮಾಡಿದರು. ಅದನ್ನು ಕೇಳಿದ ಪಕ್ಕದ ಊರಿನ ಹುಡುಗಿಯರೂ ಅಭ್ಯಾಸ ಶುರುಮಾಡಿದರು.

ಇಲೇರ್ ಆಮೇಲೆ ಹಸು ಬರೆಯಲಿಲ್ಲ. ಬರೀ ಬೆನ್ನು ಬರೆದ. ಧೂಳಿನಲ್ಲಿ, ಮಳೆಯಲ್ಲಿ, ಸೇಬಿನ ಹೂವಿನ ನೆರಳಿನಲ್ಲಿ ಓಡುವ ಬೆನ್ನುಗಳು. ಬೇಸಿಗೆಗೆ ಬಂದ ಪ್ಯಾರಿಸ್ಸಿನವನೊಬ್ಬ ಅವನ್ನು ನೋಡಿ, ಒಳ್ಳೆಯ ಕೈ, ಆದರೆ ಮುಖವಿಲ್ಲದ ಚಿತ್ರವನ್ನು ಯಾರು ಕೊಳ್ಳುತ್ತಾರೆ ಎಂದ. ಜೆಲಿ ಬಟ್ಟೆ ಹರವುತ್ತಿದ್ದಳು. ಕೊಳ್ಳುವವರು ಬಂದಾಗ ನೋಡೋಣ, ಈಗ ಆ ಕಡೆ ಸರಿಯಿರಿ ಸ್ವಾಮಿ, ಬಿಸಿಲಿಗೆ ಅಡ್ಡ ನಿಂತಿದ್ದೀರಿ ಎಂದಳು.